ಅಂಗಳದ ಗಿಡ ಮತ್ತು ಋಣ

ನೆರೆಮನೆಯವರಿಗೆ ದೊಡ್ಡಪತ್ರೆಯ ಒಂದು ಕಡ್ಡಿಯನ್ನು ಮುರಿದು ಕೊಡುವಾಗ ನಾವು ಮಾಡುವುದು ದಾನವೋ, ಋಣಸಂದಾಯವೋ?

ಸ್ಟೀವಿಯಾ, ಅಂದರೆ ಸಿಹಿ ತುಳಸಿಯನ್ನು ಗಮನಿಸಿರಿ. ಅದರ ಎಲೆಯ ಸತ್ವವು ಸಕ್ಕರೆಗಿಂತ ಸುಮಾರು 200ರಿಂದ 300 ಪಟ್ಟು ಸಿಹಿ. 1899ರಲ್ಲಿ ಸಸ್ಯವಿಜ್ಞಾನಿ ಮೊಯ್ಸೆಸ್ ಬೆರ್ತೋನಿಯವರು ಅದನ್ನು ಶಾಸ್ತ್ರೀಯವಾಗಿ ವರ್ಣಿಸಿದರು. ಪರಾಗ್ವೆಯ ಗ್ವಾರಾನಿ ಜನರಾದರೋ ಅದಕ್ಕೆ ಬಹುಕಾಲ ಮೊದಲೇ ಅದರಿಂದ ತಮ್ಮ ಪಾನೀಯವನ್ನು ಸಿಹಿಗೊಳಿಸುತ್ತಿದ್ದರು. ಇಂದು ಆ ಸಿಹಿ ಲೋಕದ ಪೇಟೆಗಳಲ್ಲೆಲ್ಲಾ ಮಾರಾಟವಾಗುತ್ತಿದೆ. ಅದನ್ನು ಮೊದಲು ಅರಿತವರು ತಮ್ಮ ನ್ಯಾಯವಾದ ಪಾಲನ್ನು ಕೇಳಬೇಕಾಗಿ ಬಂದಿದೆ. ಋಣವನ್ನು ಮರೆತಲ್ಲಿ ಆಗುವುದು ಹೀಗೆಯೇ.

ಈ ಗಿಡದ ಬೀಜ ಸುಲಭವಾಗಿ ಮೊಳೆಯದು. ಆದುದರಿಂದ ಹೆಚ್ಚಾಗಿ ಕಡ್ಡಿ ನೆಟ್ಟು ಬೆಳೆಸುತ್ತಾರೆ. ತುದಿ ಚಿವುಟಿದ ತಾಯಿಗಿಡ ಕವಲೊಡೆದು ಪೊದೆಯಾಗುತ್ತದೆ. ಹೀಗಿರುವಾಗ ಕೊಟ್ಟವರಿಗೆ ನಷ್ಟವೇನು?

ಕಷ್ಟವಾಗುವುದು "ನಾನು ಕೊಟ್ಟೆ" ಎಂಬ ಅಭಿಮಾನವನ್ನು ಬಿಡುವುದು. ದೊಡ್ಡಪತ್ರೆ, ಒಂದೆಲಗ, ಮಜ್ಜಿಗೆಹುಲ್ಲು ಇವೆಲ್ಲವನ್ನೂ ಹೆಸರರಿಯದ ಕೈಗಳು ಕಾಪಾಡಿ ನಮಗೆ ತಲುಪಿಸಿವೆ. ಆ ಕೈಗಳಿಗೆ ಹಿಂದಿರುಗಿಸಲಾರೆವು, ಮುಂದಿನವರಿಗೆ ಕೊಡಬಲ್ಲೆವು. ಕೊಡುವಾಗ ಸತ್ಯವನ್ನೂ ಹೇಳೋಣ: ಸಿಹಿ ತುಳಸಿ ಸಕ್ಕರೆಗೆ ಬದಲಿಯೇ ಹೊರತು ಮಧುಮೇಹಕ್ಕೆ ಮದ್ದಲ್ಲ.

ಈ ವಾರ ಒಂದು ಕಡ್ಡಿಯನ್ನು ಕೊಡಿರಿ. ಅದು ನಿಮಗೆ ಯಾರಿಂದ ಬಂದಿತೆಂಬುದನ್ನೂ ತಿಳಿಸಿರಿ.