ಮುಂಗೈಯ ಗಡಿಯಾರವೂ ಅದರ ಒಡೆಯನೂ



ಒಂದು ವಸ್ತುವನ್ನು ಕೊಂಡು ತನ್ನದೆಂದು ಹೇಳಿಕೊಳ್ಳುವವನು ಆ ವಸ್ತುವಿಗೆ ಒಡೆಯನಾಗುತ್ತಾನೋ, ಇಲ್ಲವೆ ಆ ವಸ್ತುವೇ ಅವನಿಗೆ ಒಡೆಯನಾಗುತ್ತದೋ ಎಂಬ ಪ್ರಶ್ನೆಯು ಬಹಳ ಹಳೆಯದು. ಹೊಲ, ಮನೆ, ಎತ್ತು, ಬಂಗಾರ ಇವುಗಳ ವಿಷಯದಲ್ಲಿ ಹಿರಿಯರು ಇದನ್ನು ಅನೇಕ ಸಾರಿ ವಿಚಾರಿಸಿದ್ದಾರೆ. ನಾವು ಈ ತಿಂಗಳು ಅದನ್ನೇ ಒಂದು ಸಣ್ಣ ವಸ್ತುವಿನ ವಿಷಯದಲ್ಲಿ ವಿಚಾರಿಸಬೇಕೆಂದಿದ್ದೇವೆ. ಅದೇನಂದರೆ, ಬಿಸಿಲಿನ ಬಲದಿಂದ ನಡೆಯುವಂಥ, ಮುಳ್ಳುಗಳಿಲ್ಲದೆ ಅಂಕೆಗಳಿಂದಲೇ ಹೊತ್ತನ್ನು ತೋರಿಸುವಂಥ, ಬಿದ್ದರೂ ನೆನೆದರೂ ಬೇಗನೆ ಕೆಡದಂಥ ಕೈಗಡಿಯಾರ. ಇಂಥದೊಂದನ್ನು ಕೊಪ್ಪಳದಲ್ಲಿ ಕೊಂಡು, ಆರು ವರ್ಷಗಳಿಂದ ದಿನಾಲು ಮುಂಗೈಗೆ ಕಟ್ಟುತ್ತಾ ಬಂದಿದ್ದೇವೆ. ಹೊಲದಲ್ಲಿಯೂ ಸಂತೆಯಲ್ಲಿಯೂ ಮದುವೆಯಲ್ಲಿಯೂ ಮಣ್ಣಿನ ದಿನದಲ್ಲಿಯೂ ಅದೇ ನಮ್ಮ ಕೈಯಲ್ಲಿರುತ್ತದೆ.

ಅದನ್ನು ಕಟ್ಟಿಕೊಂಡ ಮೊದಲನೆಯ ವಾರದಲ್ಲಿಯೇ ಯಲಬುರ್ಗಿಯ ಕಡೆಯ ಹಿರಿಯರೊಬ್ಬರು ನಮ್ಮ ಕೈಯನ್ನು ಹಿಡಿದು ನೋಡಿ, “ಇಷ್ಟು ರೊಕ್ಕ ಕೊಟ್ಟು ಇದನ್ಯಾಕ ತಗೊಂಡ್ರಿ? ಫೋನಿನಾಗ ಟೈಮು ಕಾಣಂಗಿಲ್ಲೇನು?” ಎಂದು ಕೇಳಿದರು. ಆ ದಿವಸ ನಾವು ನಕ್ಕು ಸುಮ್ಮನಾದೆವು. ಆದರೆ ಪ್ರಶ್ನೆಯು ನ್ಯಾಯವಾದದ್ದೇ ಆಗಿತ್ತು. ಅದಕ್ಕೆ ಕೊಡತಕ್ಕ ಉತ್ತರವನ್ನು ನಾವು ತಡವಾಗಿ ಕಲಿತೆವು. ಅದೂ ನಾಚಿಕೆಯ ದಾರಿಯಿಂದ ಕಲಿತೆವು. ಅದನ್ನು ಮುಂದೆ ಹೇಳುವೆವು.

ಮೊದಲು ಈ ವಸ್ತುವು ಎಂಥದೆಂದು ತಿಳಿಯೋಣ. ಇದರ ಮುಖದಲ್ಲಿ ಅಂಕೆಗಳ ಸುತ್ತಲೂ ಕಪ್ಪಾದ ಪಟ್ಟಿಗಳುಂಟು. ಅವು ಬೆಳಕನ್ನು ಹಿಡಿದು ವಿದ್ಯುತ್ತಾಗಿ ಮಾಡುವ ಸಿಲಿಕಾನಿನ ತೆಳುವಾದ ಹಾಳೆಗಳು. ಆ ವಿದ್ಯುತ್ತು ಒಳಗಿರುವ ಗುಂಡಿಯಷ್ಟು ಚಿಕ್ಕ ಕೋಶದಲ್ಲಿ ಕೂಡಿಡಲ್ಪಟ್ಟು, ರಾತ್ರಿಯಲ್ಲಿಯೂ ಗಡಿಯಾರವನ್ನು ನಡಿಸುತ್ತದೆ. ಒಳಗೆ ಸ್ಫಟಿಕದ ಸಣ್ಣ ಕವಲೊಂದು ಒಂದು ಸೆಕೆಂಡಿಗೆ ೩೨,೭೬೮ ಸಾರಿ ನಡುಗುತ್ತದೆ. ಆ ನಡುಕವನ್ನು ಎಣಿಸಿಯೇ ಯಂತ್ರವು ಸೆಕೆಂಡನ್ನು ಅಳೆಯುತ್ತದೆ. ಇಷ್ಟಾದರೂ ತಿಂಗಳಿಗೆ ಹದಿನೈದು ಸೆಕೆಂಡಿನಷ್ಟು ಹೆಚ್ಚುಕಡಿಮೆ ಆಗಬಹುದೆಂದು ಮಾಡಿದವರೇ ಒಪ್ಪಿಕೊಳ್ಳುತ್ತಾರೆ. ತನ್ನ ತಪ್ಪಿನ ಅಳತೆಯನ್ನು ಮೊದಲೇ ಹೇಳಿಕೊಳ್ಳುವ ಈ ಗುಣವು ಗಡಿಯಾರಕ್ಕಿಂತಲೂ ಮನುಷ್ಯರಿಗೆ ಹೆಚ್ಚು ಬೇಕಾದದ್ದು.

ಬಿಸಿಲಿನಿಂದ ನಡೆಯುವ ಕೈಗಡಿಯಾರವನ್ನು ಅಮೇರಿಕದ ರೋಜರ್ ರೀಲ್ ಎಂಬವನು ೧೯೭೦ರ ದಶಕದಲ್ಲಿಯೇ ಮಾಡಿದ್ದನು. ಪೆಟ್ಟು ತಾಳುವ ಗಡಿಯಾರದ ಕಥೆಯು ಜಪಾನಿನದು. ಕ್ಯಾಸಿಯೊ ಕಂಪನಿಯಲ್ಲಿ ಕೆಲಸಕ್ಕಿದ್ದ ಕಿಕುವೊ ಇಬೆ ಎಂಬವನಿಗೆ ಅವನ ತಂದೆಯು ಕೊಟ್ಟಿದ್ದ ಗಡಿಯಾರವು ಒಂದು ದಿನ ಕೆಳಗೆ ಬಿದ್ದು ಒಡೆದುಹೋಯಿತು. ಬಿದ್ದರೂ ಒಡೆಯದ ಗಡಿಯಾರವನ್ನು ಮಾಡಬೇಕೆಂದು ಅವನು ಮನಸ್ಸು ಮಾಡಿ, ಕಟ್ಟಡದ ಮೂರನೆಯ ಅಂತಸ್ತಿನ ಕಿಟಿಕಿಯಿಂದ ಒಂದಾದ ಮೇಲೊಂದು ಮಾದರಿಯನ್ನು ಕೆಳಗೆ ಹಾಕಿ ನೋಡಿದನು. ಸುಮಾರು ೨೦೦ ಮಾದರಿಗಳು ಹೀಗೆ ಹಾಳಾದವು. ಕೊನೆಗೆ ಚೆಂಡಾಡುತ್ತಿದ್ದ ಒಂದು ಮಗುವನ್ನು ಕಂಡಾಗ, ಚೆಂಡು ನೆಲಕ್ಕೆ ಬಡಿದರೂ ಅದರ ನಡುವಿಗೆ ಪೆಟ್ಟು ತಗಲುವದಿಲ್ಲವೆಂಬದು ಅವನಿಗೆ ಹೊಳೆಯಿತು. ಅಂದಿನಿಂದ ಯಂತ್ರವನ್ನು ಕವಚಕ್ಕೆ ಬಿಗಿದು ಕಟ್ಟದೆ, ಕೆಲವೇ ಕಡೆಗಳಲ್ಲಿ ಆತುಕೊಂಡು ನಡುವೆ ತೇಲುವಂತೆ ಇರಿಸಿದನು. ೧೯೮೩ರಲ್ಲಿ ಅದು ಜಿ-ಶಾಕ್ ಎಂಬ ಹೆಸರಿನಿಂದ ಪೇಟೆಗೆ ಬಂತು. ಬಿಸಿಲಿನ ಹಾಳೆಯು ಆ ಸಾಲಿನ ಗಡಿಯಾರಕ್ಕೆ ೧೯೯೮ರಲ್ಲಿ ಕೂಡಿತು. ವಾಚಕರೇ, ಹೊರಗಿನ ಪೆಟ್ಟು ಒಳಗಿನ ತನಕ ಮುಟ್ಟದಿರುವದೇ ಗಟ್ಟಿತನವೆಂಬದನ್ನು ಇಲ್ಲಿ ಕಾಣುತ್ತೇವೆ. ಬಿಗಿಯಾಗಿ ಹಿಡಿದದ್ದು ಒಡೆಯುತ್ತದೆ. ಸಡಿಲವಾಗಿ ಹಿಡಿದದ್ದು ಉಳಿಯುತ್ತದೆ. ಸೊತ್ತನ್ನು ಹಿಡಿಯುವ ರೀತಿಯೂ ಇದೇ ಅಲ್ಲವೋ?

ಈಗ ಹಿರಿಯರ ಪ್ರಶ್ನೆಗೆ ಬರೋಣ. ಇದು ಆಡಂಬರವೋ, ಮಿತವ್ಯಯವೋ?

ನಮ್ಮ ತಂದೆಗಳ ಕಾಲದಲ್ಲಿ ಅಳಿಯನಿಗೆ ಎಚ್.ಎಮ್.ಟಿ. ಗಡಿಯಾರ ಕೊಡುವದು ದೊಡ್ಡ ಗೌರವವಾಗಿತ್ತು. ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಬೆಂಗಳೂರಿನಲ್ಲಿ ಆ ಕಾರ್ಖಾನೆಯು ಆರಂಭವಾಯಿತು. ೨೦೧೬ರಲ್ಲಿ ಕೇಂದ್ರ ಸರಕಾರವು ಅದನ್ನು ಮುಚ್ಚುವ ತೀರ್ಮಾನ ಮಾಡಿತು. ಆ ಕೀಲಿ ಕೊಡುವ ಗಡಿಯಾರಗಳಲ್ಲಿ ಎಷ್ಟೋ ಇನ್ನೂ ನಡೆಯುತ್ತಿರುವವು. ಯಾಕಂದರೆ ಅವುಗಳನ್ನು ಬಿಚ್ಚಿ, ಎಣ್ಣೆ ಹಾಕಿ, ಸರಿಮಾಡುವದು ಸಾಧ್ಯ. ಅವುಗಳ ತರುವಾಯ ಬಂದ ಅಗ್ಗದ ಗಡಿಯಾರಗಳಾದರೋ, ಜಾತ್ರೆಯಲ್ಲಿ ಕೊಂಡು, ಒಂದು ಮಳೆಗಾಲ ಕಟ್ಟಿ, ಕಸಕ್ಕೆ ಎಸೆಯುವಂಥವು. ಅವುಗಳ ಗುಂಡಿ ಬ್ಯಾಟರಿಗಳು ತಿಪ್ಪೆಗೆ ಸೇರಿ ಮಣ್ಣನ್ನು ಕೆಡಿಸುತ್ತವೆ. ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ. ಹತ್ತು ಸಾರಿ ಅಗ್ಗದ್ದನ್ನು ಕೊಳ್ಳುವದಕ್ಕಿಂತ ಒಂದು ಸಾರಿ ಗಟ್ಟಿಯಾದದ್ದನ್ನು ಕೊಳ್ಳುವದು ಲೆಕ್ಕಕ್ಕೂ ಒಳ್ಳೇದು, ಮಣ್ಣಿಗೂ ಒಳ್ಳೇದು. ಫೋನಿನಲ್ಲಿ ಹೊತ್ತು ಕಾಣುವದು ನಿಜವೇ. ಆದರೆ ಹೊತ್ತು ನೋಡಬೇಕೆಂದು ಫೋನು ತೆಗೆದವನು ಎಷ್ಟು ಹೊತ್ತಿನ ಮೇಲೆ ಅದನ್ನು ಜೇಬಿಗೆ ಹಾಕುತ್ತಾನೆ? ಗಡಿಯಾರವು ಕೇಳಿದ್ದಷ್ಟನ್ನೇ ಹೇಳಿ ಸುಮ್ಮನಾಗುತ್ತದೆ.

ಇಷ್ಟಕ್ಕೇ ನಾವು ಗೆದ್ದೆವೆಂದು ತಿಳಿಯಬಾರದು. ಬೇಕಾದದ್ದಕ್ಕಾಗಿ ಒಂದನ್ನು ಕೊಂಡವನು ಬಣ್ಣಕ್ಕಾಗಿ ಎರಡನೆಯದನ್ನೂ, ನೆರೆಯವನ ಕೈಯನ್ನು ನೋಡಿ ಮೂರನೆಯದನ್ನೂ ಕೊಂಡರೆ, ಅಲ್ಲಿ ಗಟ್ಟಿತನದ ಮಾತು ಬರೀ ನೆವವಾಗುತ್ತದೆ. ಅಳಿಯದ ವಸ್ತುವನ್ನು ಹತ್ತು ಕೊಳ್ಳುವವನಿಗೆ ಅಳಿಯದಿರುವದರಿಂದ ಏನು ಲಾಭ?

ಗಟ್ಟಿಯಾದದ್ದಕ್ಕೂ ಆರೈಕೆ ಬೇಕೆಂಬದಕ್ಕೆ ನಮ್ಮ ಸೀಮೆಯಲ್ಲಿಯೇ ಸಾಕ್ಷಿಯುಂಟು. ತುಂಗಭದ್ರೆಯ ಅಣೆಕಟ್ಟು ೧೯೫೩ರಿಂದ ನೀರನ್ನು ಹಿಡಿದು ನಿಂತಿದೆ. ಆದರೂ ೨೦೨೪ನೆಯ ಆಗಸ್ಟ್ ೧೦ರ ರಾತ್ರಿ ಹತ್ತೊಂಬತ್ತನೆಯ ಬಾಗಿಲಿನ ಸರಪಣಿಯು ಕಡಿದು, ಬಾಗಿಲೇ ಕೊಚ್ಚಿಹೋಯಿತು. ಕಲ್ಲಿನ ಗೋಡೆ ಉಳಿಯಿತು, ಸರಪಣಿಯ ಕೊಂಡಿ ಉಳಿಯಲಿಲ್ಲ. ನಮ್ಮ ಗಡಿಯಾರದ ಪಟ್ಟಿಯೂ ಬೆವರಿನಿಂದ ಸೀಳುತ್ತದೆ, ಕೋಶವೂ ವರ್ಷಗಳ ಮೇಲೆ ಬಲಗುಂದುತ್ತದೆ. ಆದದರಿಂದ ದಿನಾಲು ಕಟ್ಟುವವನು ಆಗಾಗ್ಗೆ ಒಳ್ಳೇ ನೀರಿನಲ್ಲಿ ತೊಳೆದು ಒರಸಲಿ. ಬೇಸಿಗೆಯಲ್ಲಿ ಕಾದ ಬಂಡೆಯ ಮೇಲೆ ಒಣಗಲಿಕ್ಕೆ ಇಡದಿರಲಿ.

ಇನ್ನೊಂದು ಸಾಕ್ಷಿಯು ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇದೆ. ಅಲ್ಲಿಯ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯು ಎರಡು ಸಾವಿರ ವರ್ಷಗಳಿಗೂ ಹಿಂದೆ ಬರೆಯಿಸಿದ ಶಾಸನಗಳುಂಟು. ದೊಡ್ಡವನು ಮಾತ್ರವಲ್ಲ, ಚಿಕ್ಕವನು ಸಹ ಪ್ರಯತ್ನದಿಂದ ಉನ್ನತವಾದದ್ದನ್ನು ಹೊಂದಬಹುದೆಂಬದೇ ಅವುಗಳ ತಾತ್ಪರ್ಯ. ಗವಿಮಠದ ಅಕ್ಷರಗಳು ಅಳಿಯಲಿಲ್ಲ, ಆದರೆ ಓದಬಲ್ಲವರು ಇಲ್ಲದ್ದರಿಂದ ನೂರಾರು ವರ್ಷ ಆ ಬಂಡೆಗಳು ಮೂಕವಾಗಿದ್ದವು. ಉಳಿಯುವದು ಬೇರೆ, ಉಪಯೋಗವಾಗುವದು ಬೇರೆ. ಬಿಸಿಲಿನ ಗಡಿಯಾರವನ್ನು ಕೆಡಬಾರದೆಂದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ, ಅದು ಕೆಲವು ತಿಂಗಳು ಬದುಕಿ, ಬೆಳಕಿಲ್ಲದೆ ಕಣ್ಣು ಮುಚ್ಚುತ್ತದೆ. ದಿನಾಲು ಕೈಯಲ್ಲಿದ್ದು ಬಿಸಿಲುಂಡದ್ದೇ ಬಾಳುತ್ತದೆ.

ಇನ್ನು ಕಾಲದ ವಿಷಯವಾಗಿ ಸ್ವಲ್ಪ ಆಲೋಚಿಸೋಣ. ಗಡಿಯಾರವು ನಮ್ಮದು, ಅದು ತೋರಿಸುವ ಕಾಲವು ಯಾರದು? ನಮ್ಮ ಹಿರಿಯರು ನೆರಳನ್ನು ನೋಡಿ, ಚಿಕ್ಕೆಗಳನ್ನು ನೋಡಿ, ಕೋಳಿಯ ಕೂಗನ್ನು ಕೇಳಿ ಹೊತ್ತು ತಿಳಿಯುತ್ತಿದ್ದರು. ಹಗಲಿರುಳನ್ನು ಅರವತ್ತು ಗಳಿಗೆಗಳಾಗಿ ಭಾಗಿಸುತ್ತಿದ್ದರು. ಒಂದು ಗಳಿಗೆಗೆ ಇಪ್ಪತ್ತನಾಲ್ಕು ನಿಮಿಷ. ೧೯೦೬ರಲ್ಲಿ ಇಂಡಿಯಾ ದೇಶಕ್ಕೆಲ್ಲಾ ಒಂದೇ ಹೊತ್ತು ನೇಮಕವಾಯಿತು. ಅದು ಉತ್ತರ ಪ್ರದೇಶದ ಮಿರ್ಜಾಪುರದ ಸಮೀಪದಲ್ಲಿ ಹಾದುಹೋಗುವ ಎಂಭತ್ತೆರಡೂವರೆ ಅಂಶದ ರೇಖೆಯ ಹೊತ್ತು. ಕೊಪ್ಪಳವು ಎಪ್ಪತ್ತಾರನೆಯ ಅಂಶದ ಹತ್ತಿರ ಇರುವದರಿಂದಲೂ, ಸೂರ್ಯನು ಒಂದು ಅಂಶವನ್ನು ದಾಟುವದಕ್ಕೆ ನಾಲ್ಕು ನಿಮಿಷ ಹಿಡಿಯುವದರಿಂದಲೂ, ನಮ್ಮಲ್ಲಿ ಸೂರ್ಯನು ನೆತ್ತಿಗೇರುವದು ಗಡಿಯಾರದ ಹನ್ನೆರಡು ಗಂಟೆಗಲ್ಲ. ವರ್ಷದ ಸರಾಸರಿಯಲ್ಲಿ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷದ ಸುಮಾರಿಗೆ. ಅಂದರೆ ನಮ್ಮ ಸೂರ್ಯನು ನಮ್ಮ ಗಡಿಯಾರಕ್ಕಿಂತ ಹೆಚ್ಚುಕಡಿಮೆ ಒಂದು ಗಳಿಗೆ ಹಿಂದಿದ್ದಾನೆ!

ಎಂಥಾ ಸೋಜಿಗ! ಈ ಗಡಿಯಾರವು ಕುಷ್ಟಗಿಯ ಬಿಸಿಲನ್ನು ಉಂಡು ಮಿರ್ಜಾಪುರದ ಹೊತ್ತನ್ನು ಹೇಳುತ್ತದೆ. ಇದು ಸುಳ್ಳೋ? ಸುಳ್ಳಲ್ಲ, ಒಪ್ಪಂದ. ಕೊಪ್ಪಳದವನೂ ಕಲಕತ್ತೆಯವನೂ ಒಂದೇ ಹೊತ್ತಿನಿಂದ ನಡೆಯೋಣವೆಂದು ಮಾಡಿಕೊಂಡ ಒಪ್ಪಂದ. ರೈಲು ನಿಲ್ದಾಣ, ಶಾಲೆ, ಆಸ್ಪತ್ರೆ, ಆದಿತ್ಯವಾರದ ಸಭೆ ಇವೆಲ್ಲವೂ ಈ ಒಪ್ಪಂದದ ಮೇಲೆ ನಿಂತಿರುತ್ತವೆ. ಹೀಗಿರಲಾಗಿ ಗಡಿಯಾರವು ಸೇರು, ತಕ್ಕಡಿ, ಮೊಳಗಳ ಹಾಗೆ ಒಂದು ಅಳತೆಯಾಗಿದೆ. ಅಳತೆಯ ಸಾಧನವು ಒಬ್ಬನದಾಗಿರಬಹುದು, ಅಳತೆಯಾದರೋ ಎಲ್ಲರದು.

ಇಲ್ಲಿ ನಮ್ಮ ನಾಚಿಕೆಯನ್ನು ಹೇಳಬೇಕಾಗಿದೆ. ಮೂರು ವರ್ಷಗಳ ಕೆಳಗೆ ಗಂಗಾವತಿಯ ಕಡೆ ಕಾಲುವೆಯ ಬದಿಯಲ್ಲಿ ನಮ್ಮ ಬಂಧುವೊಬ್ಬರ ಭತ್ತದ ಗದ್ದೆಯನ್ನು ನೋಡಿಕೊಳ್ಳುವ ಕೆಲಸವು ನಮ್ಮ ಪಾಲಿಗೆ ಬಿದ್ದಿತ್ತು. ಕಳೆ ತೆಗೆಯಲಿಕ್ಕೆ ಒಣಭೂಮಿಯ ಊರುಗಳಿಂದ ಒಂಭತ್ತು ಮಂದಿ ಹೆಂಗಸರು ದಿನಗೂಲಿಗೆ ಬಂದಿದ್ದರು. ಸಾಯಂಕಾಲ ಐದು ಗಂಟೆಗೆ ಬಿಡುವದೆಂದು ಮಾತಾಗಿತ್ತು. ಆ ದಿವಸ ಮೋಡ ಕವಿದಿದ್ದರಿಂದ ನೆರಳಿರಲಿಲ್ಲ. ಅವರ ಫೋನುಗಳು ಬದುವಿನ ಮೇಲೆ ಬುತ್ತಿಯ ಗಂಟಿನಲ್ಲಿದ್ದವು. ಕೊನೆಯ ಪಟ್ಟಿಯು ಇನ್ನೂ ಉಳಿದಿರುವಾಗ ಒಬ್ಬಾಕೆಯು ನೀರಿನಿಂದ ತಲೆಯೆತ್ತಿ, “ಯಣ್ಣಾ, ಎಷ್ಟಾತ್ರೀ ಟೈಮು?” ಎಂದು ಕೇಳಿದಳು. ನಾವು ಮುಂಗೈಯನ್ನು ನೋಡಿದೆವು. ಐದು ಗಂಟೆ ಹನ್ನೆರಡು ನಿಮಿಷ. “ಇನ್ನೂ ಸ್ವಲ್ಪ ಐತಿ ತಂಗಿ,” ಅಂದೆವು.

ಗಡಿಯಾರವು ಸುಳ್ಳು ಹೇಳಲಿಲ್ಲ; ನಾವು ಹೇಳಿದೆವು. ಪಟ್ಟಿ ಮುಗಿಯುವಷ್ಟರಲ್ಲಿ ಐದೂ ಮುಕ್ಕಾಲಾಯಿತು. ಎಂಟು ಮಂದಿ ಟಂಟಂ ಗಾಡಿ ಹತ್ತಿ ಹೋದರು. ಪ್ರಶ್ನೆ ಕೇಳಿದವಳ ಊರು ಬೇರೆ ದಿಕ್ಕಿಗಿತ್ತು. ಅವಳು ಹತ್ತಬೇಕಾದ ಬಸ್ಸು ಹೋಗಿಬಿಟ್ಟಿತ್ತು. ಮನೆಯಲ್ಲಿ ಮೊಲೆಯುಣ್ಣುವ ಕೂಸು ಇತ್ತೆಂದು ಮರುದಿನ ಉಳಿದವರಿಂದ ಕೇಳಿದೆವು. ಆ ಎಂಟು ಮಂದಿಗೆ ತಪ್ಪನ್ನು ಒಪ್ಪಿಕೊಂಡು ಹೆಚ್ಚಿನ ಹೊತ್ತಿನ ಕೂಲಿಯನ್ನು ಕೊಟ್ಟೆವು. ಅವಳು ಮಾತ್ರ ಮತ್ತೆ ಬರಲಿಲ್ಲ. ಅವಳ ಪಾಲಿನ ರೊಕ್ಕವನ್ನು ಅವಳ ಜೊತೆಯವರ ಕೈಯಲ್ಲಿ ಕಳುಹಿಸಿದೆವು, ಮುಟ್ಟಿತೆಂದು ಹೇಳಿದರು. ಆದರೆ ಕತ್ತಲಲ್ಲಿ ಅವಳು ನಡೆದ ದಾರಿಯನ್ನು ಯಾವ ರೊಕ್ಕದಿಂದ ತುಂಬಿಕೊಡುವದು? ಮೂವತ್ತಮೂರು ನಿಮಿಷವನ್ನು ಕದ್ದವನೂ ಒಂದು ಸೇರು ಕಾಳನ್ನು ಕದ್ದವನೂ ಇಬ್ಬರೂ ಕಳ್ಳರೇ. ಕಾಳನ್ನಾದರೂ ಹಿಂದಕ್ಕೆ ಕೊಡಬಹುದು.

ಅಂದು ಹಿರಿಯರ ಪ್ರಶ್ನೆಗೆ ನಮಗೆ ಉತ್ತರವು ದೊರಕಿತು. ಇಂಥಾ ಗಡಿಯಾರವನ್ನು ಕೊಳ್ಳುವದು ತಪ್ಪಲ್ಲ. ಅದನ್ನು ನನ್ನೊಬ್ಬನಿಗಾಗಿ ಮಾತ್ರ ಕೊಂಡಿದ್ದೇನೆಂದು ತಿಳಿಯುವದು ತಪ್ಪು. ಅಳತೆಯ ಸಾಧನವನ್ನು ಹಿಡಿದವನ ಮೇಲೆ ಅದಿಲ್ಲದವನ ಋಣವಿರುತ್ತದೆ. ಅಂಗಡಿಯವನ ತಕ್ಕಡಿಯು ಅಂಗಡಿಯವನದೇ. ಆದರೂ ಮುಳ್ಳು ಕೊಳ್ಳುವವನಿಗೆ ಕಾಣುವಂತಿರಬೇಕು.

ಅಂದಿನಿಂದ ನಾವು ಇಟ್ಟುಕೊಂಡಿರುವ ಮೂರು ನಿಯಮಗಳನ್ನು ವಾಚಕರ ಮುಂದೆ ಇಡುತ್ತೇವೆ. ಮೊದಲನೆಯದು, ಯಾರಾದರೂ ಹೊತ್ತು ಕೇಳಿದರೆ ಬಾಯಿಂದ ಹೇಳುವದಲ್ಲದೆ, ಕೈಯನ್ನು ಚಾಚಿ ಅಂಕೆಗಳನ್ನೇ ತೋರಿಸುವದು. ಎರಡನೆಯದು, ಕೂಲಿಯವರನ್ನು ಕರೆದ ದಿವಸ ಬಿಡುವ ಹೊತ್ತಿಗೆ ಗಡಿಯಾರವು ತಾನೇ ಕೂಗುವಂತೆ ಬೆಳಿಗ್ಗೆ ಅವರ ಎದುರಿನಲ್ಲಿಯೇ ಇಟ್ಟುಬಿಡುವದು; ಅದು ಕೂಗಿದ ಮೇಲೆ ನಮ್ಮ ಮಾತಿಗೆ ಅಲ್ಲಿ ಎಡೆಯಿರಬಾರದು. ಮೂರನೆಯದು, ರೋಗಿಯ ಬಳಿಯಲ್ಲಿಯೂ ದುಃಖದಲ್ಲಿರುವವರ ಬಳಿಯಲ್ಲಿಯೂ ಕೂತಾಗ ಗಡಿಯಾರವನ್ನು ತೋಳಿನೊಳಗೆ ಮುಚ್ಚಿಕೊಳ್ಳುವದು. ಒಬ್ಬ ಮುದುಕಿಯು ತನ್ನ ಸತ್ತ ಮಗನ ವಿಷಯ ಹೇಳುತ್ತಿರುವಾಗ ನಮ್ಮ ಕಣ್ಣು ಮುಂಗೈಗೆ ಹೋದದ್ದನ್ನು ಕಂಡು ಅವಳು ಮಾತನ್ನು ನಿಲ್ಲಿಸಿದ್ದುಂಟು. ಹೊತ್ತನ್ನು ಅಳೆಯತಕ್ಕ ಸ್ಥಳ ಬೇರೆ, ಹೊತ್ತನ್ನು ಕೊಡತಕ್ಕ ಸ್ಥಳ ಬೇರೆ.

ಪ್ರಿಯರೇ, ಯಲಬುರ್ಗಿಯ ಎರೆಹೊಲದಲ್ಲಿ ನಿಂತವನಿಗೂ ಗಂಗಾವತಿಯ ಗದ್ದೆಯಲ್ಲಿ ಬಾಗಿದವಳಿಗೂ ಒಂದೇ ಬಿಸಿಲು ಬೀಳುತ್ತದೆ. ಆ ಬಿಸಿಲನ್ನು ಯಾರೂ ಕೊಂಡದ್ದಿಲ್ಲ. ಅದರಿಂದ ನಡೆಯುವ ಗಡಿಯಾರವನ್ನು ನಾವು ಕೊಂಡಿದ್ದೇವೆ. ಸಾಯಂಕಾಲ ಗದ್ದೆಯಿಂದ ತಲೆಯೆತ್ತಿ “ಎಷ್ಟಾತ್ರೀ?” ಎಂದು ಕೇಳುವವಳಿಗೆ ನಾವು ಏನು ಹೇಳುತ್ತೇವೆಂಬದರಿಂದಲೇ ನಾವು ಅದರ ಒಡೆಯರೋ ಆಳುಗಳೋ ಎಂಬದು ತಿಳಿದುಬರುವದು.