ತಪ್ಪಿಸಿಕೊಳ್ಳುವವರ ಗಲ್ಲಿ

ಮ್ಯೂನಿಕ್‌ಗೆ ಹೋಗಿದ್ದೆ ಅಂದ್ರೆ ಸಾಕು, ಆಫೀಸಿನಲ್ಲಿ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಬಿಎಂಡಬ್ಲ್ಯು ಮ್ಯೂಸಿಯಂ ನೋಡಿದ್ಯಾ? ಬಿಯರ್ ಹೇಗಿತ್ತು? ಎರಡಕ್ಕೂ ನನ್ನ ಹತ್ರ ಉತ್ತರ ಇದೆ. ಆದರೆ ಇಷ್ಟು ವರ್ಷ ಕಳೆದ ಮೇಲೂ ನನ್ನನ್ನು ಬಿಡದೆ ಕಾಡುತ್ತಿರುವುದು ಅಲ್ಲಿನ ಒಂದು ಗಲ್ಲಿ. ಎರಡು ಕಟ್ಟಡಗಳ ಸಂದಿಯಲ್ಲಿರುವ ಪುಟ್ಟ ಗಲ್ಲಿ. ದಾಟೋಕೆ ಒಂದು ನಿಮಿಷವೂ ಬೇಡ.

2010ರ ಜುಲೈ. ಬಿಇ ಆರನೇ ಸೆಮಿಸ್ಟರ್ ಮುಗಿದಿತ್ತು. ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ನಮ್ಮ ಕಾಲೇಜಿನಿಂದ ಆರು ಜನಕ್ಕೆ ಎರಡು ವಾರದ ಜರ್ಮನಿ ಭೇಟಿ ಸಿಕ್ಕಿತ್ತು. ಊಟ, ವಸತಿ ಅವರದು, ವಿಮಾನದ ಟಿಕೆಟ್ ನಮ್ಮದು. ತಿಪಟೂರು ಕಡೆಯ ನಮ್ಮಪ್ಪ ಮುಂದಿನ ವರ್ಷದ ಕೊಬ್ಬರಿ ಮೇಲೆ ಸಾಲ ತಂದು ಆ ಟಿಕೆಟ್ ಕೊಡಿಸಿದರು. ಅಲ್ಲಿಯವರೆಗೆ ನಾನು ನೋಡಿದ್ದ ಅತಿ ದೂರದ ಊರು ಧರ್ಮಸ್ಥಳ.

ಬೆಳಿಗ್ಗೆ ಹೊತ್ತು ಗಾರ್ಚಿಂಗ್ ಅನ್ನೋ ಕಡೆ ಕ್ಯಾಂಪಸ್‌ನಲ್ಲಿ ಲ್ಯಾಬ್. ಅಲ್ಲಿನ ಗಣಿತ ಮತ್ತು ಕಂಪ್ಯೂಟರ್ ಸೈನ್ಸ್ ಕಟ್ಟಡದೊಳಗೆ ಮೇಲಿನ ಮಹಡಿಯಿಂದ ಕೆಳಗಿನವರೆಗೆ ಎರಡು ದೊಡ್ಡ ಜಾರುಬಂಡೆಗಳಿವೆ. ಪ್ಯಾರಾಬೊಲಾ ಆಕಾರದವು. ನಾವು ಆರೂ ಜನ ಪಾಠ ಮರೆತು ಅದರಲ್ಲೇ ಜಾರಿದ್ದೇ ಜಾರಿದ್ದು. ಮಧ್ಯಾಹ್ನ ಯು6 ಮೆಟ್ರೋ ಹತ್ತಿ ಊರು ನೋಡೋದು. ನಾವಿದ್ದಾಗಲೇ ಜರ್ಮನಿ ಫುಟ್‌ಬಾಲ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಸ್ಪೇನ್ ಎದುರು ಸೋತು, ಊರಿಗೆ ಊರೇ ಸಪ್ಪಗಾಗಿತ್ತು.

ನೋಡಬೇಕಾದ್ದೆಲ್ಲ ನೋಡಿದೆವು. ಮರಿಯನ್‌ಪ್ಲಾಟ್ಸ್‌ನಲ್ಲಿ ಟೌನ್ ಹಾಲ್ ಗೋಪುರದ ಗಂಟೆಗೆ ಬೊಂಬೆಗಳು ಕುಣಿಯೋದನ್ನು ಕತ್ತೆತ್ತಿ ನೋಡಿದೆವು. ಇಂಗ್ಲಿಷ್ ಗಾರ್ಡನ್‌ನ ಕಾಲುವೆಯಲ್ಲಿ ಹುಡುಗರು ಸರ್ಫಿಂಗ್ ಮಾಡುತ್ತಿದ್ದರು. ಸಮುದ್ರ ಇಲ್ಲದ ಊರಲ್ಲಿ ಅಲೆ ಸವಾರಿ! ಡಾಯ್ಚೆಸ್ ಮ್ಯೂಸಿಯಂನಲ್ಲಿ ಕಾಲು ಸೋತರೂ ಅರ್ಧ ಮುಗಿಯಲಿಲ್ಲ. ಎಲ್ಲೆಲ್ಲೂ ಫೋಟೋ, ಎಲ್ಲದರಲ್ಲೂ ನಾನೇ ಮುಂದೆ.

ನಮಗೆ ಊರು ತೋರಿಸಲು ನೇಮಿಸಿದ್ದ ಹುಡುಗ ನಮ್ಮ ವಯಸ್ಸಿನವನೇ. ಒಂದು ಸಂಜೆ ನಮ್ಮನ್ನು ಒಡಿಯೋನ್ಸ್‌ಪ್ಲಾಟ್ಸ್ ಚೌಕಕ್ಕೆ ಕರೆದುಕೊಂಡು ಹೋದ. ಅಲ್ಲಿ ಮೂರು ದೊಡ್ಡ ಕಮಾನುಗಳ, ಮುಂದೆ ಎರಡು ಕಲ್ಲಿನ ಸಿಂಹಗಳಿರುವ ಮಂಟಪ ಇದೆ. ಹೆಸರು ಫೆಲ್ಡ್‌ಹೆರ್ನ್‌ಹಾಲ. 1923ರ ನವೆಂಬರ್ 9ರಂದು ಹಿಟ್ಲರ್ ತನ್ನ ಗುಂಪು ಕಟ್ಟಿಕೊಂಡು ಅಧಿಕಾರ ಕಿತ್ತುಕೊಳ್ಳಲು ಹೊರಟಾಗ ಪೊಲೀಸರು ತಡೆದದ್ದು ಈ ಜಾಗದಲ್ಲೇ. ಗುಂಡು ಹಾರಿತು, ನಾಲ್ವರು ಪೊಲೀಸರೂ ಅವನ ಕಡೆಯ ಹಲವರೂ ಸತ್ತರು. ಹತ್ತು ವರ್ಷದಲ್ಲಿ ಅವನೇ ಅಧಿಕಾರಕ್ಕೆ ಬಂದ. ಮಂಟಪದ ಪಕ್ಕದಲ್ಲಿ ತನ್ನ ಕಡೆ ಸತ್ತವರಿಗೆ ಸ್ಮಾರಕ ಕಟ್ಟಿಸಿ, ಕಾವಲು ಹಾಕಿದ. ಆ ದಾರಿಯಲ್ಲಿ ಹೋಗುವ ಪ್ರತಿಯೊಬ್ಬರೂ ಕೈ ಚಾಚಿ ನಾಜಿ ಸೆಲ್ಯೂಟ್ ಹೊಡೆಯಲೇಬೇಕಿತ್ತು.

ಸೆಲ್ಯೂಟ್ ಹೊಡೆಯೋಕೆ ಇಷ್ಟ ಇಲ್ಲದವರು ಏನು ಮಾಡುತ್ತಿದ್ದರು? ಸ್ಮಾರಕ ಬರುವ ಮೊದಲೇ ಹಿಂದಿನ ವಿಸ್ಕಾರ್ಡಿ ಗಲ್ಲಿಗೆ ತಿರುಗಿ, ಪಕ್ಕದ ರಸ್ತೆ ಸೇರಿಬಿಡುತ್ತಿದ್ದರು. ಹಾಗಾಗಿ ಊರ ಜನ ಅದಕ್ಕೆ ಅಡ್ಡಹೆಸರು ಇಟ್ಟರು. ಕನ್ನಡದಲ್ಲಿ ಹೇಳೋದಾದರೆ, ತಪ್ಪಿಸಿಕೊಳ್ಳುವವರ ಗಲ್ಲಿ. ಈಗ ಅಲ್ಲಿ ನೆಲದ ಕಲ್ಲುಗಳ ನಡುವೆ ಬಂಗಾರದ ಬಣ್ಣದ ಕಂಚಿನ ಪಟ್ಟಿಯೊಂದು ಬಳುಕುತ್ತಾ ಹೋಗುತ್ತದೆ. ತಪ್ಪಿಸಿಕೊಂಡವರ ಹೆಜ್ಜೆಯ ಗುರುತು. ಬೋರ್ಡು, ಹೂವಿನ ಹಾರ ಏನೂ ಇಲ್ಲ. ಯಾರಾದರೂ ತೋರಿಸದಿದ್ದರೆ ತುಳಿದುಕೊಂಡೇ ಹೋಗುತ್ತೀರಿ.

“ಎಂಥಾ ಧೈರ್ಯ!” ಅಂದೆ ನಾನು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: “ನನ್ನ ಅಜ್ಜ ಯಾವಾಗಲೂ ಈ ಗಲ್ಲಿಯಲ್ಲೇ ಹೋಗುತ್ತಿದ್ದನಂತೆ. ಮನೆಯಲ್ಲಿ ಎಲ್ಲರಿಗೂ ಅದು ಹೆಮ್ಮೆಯ ಕಥೆ. ನನಗೂ ಹೆಮ್ಮೆಯೇ ಇತ್ತು. ಈಗ ಒಂದು ಪ್ರಶ್ನೆ ಹುಟ್ಟಿದೆ. ಗಲ್ಲಿ ದಾಟಿ ಅವನು ಎಲ್ಲಿಗೆ ಹೋದ? ಮನೆಗೆ ಹೋದ. ಊಟ ಮಾಡಿದ. ಅಷ್ಟೇ.”

ಆ ಚೌಕದಿಂದ ಲುಡ್‌ವಿಗ್‌ಸ್ಟ್ರಾಸೆ ಅನ್ನೋ ಅಗಲ ರಸ್ತೆ ನೇರವಾಗಿ ಉತ್ತರಕ್ಕೆ ಹೋಗುತ್ತದೆ. ಹದಿನೈದು ನಿಮಿಷ ನಡೆದರೆ ಲುಡ್‌ವಿಗ್ ಮ್ಯಾಕ್ಸಿಮಿಲಿಯನ್ ವಿಶ್ವವಿದ್ಯಾಲಯ. ಅದರ ಬಾಗಿಲ ಮುಂದೆ ನೆಲದ ಮೇಲೆ ಯಾರೋ ಕರಪತ್ರ ಚೆಲ್ಲಿ ಹೋದಂತೆ ಕಾಣುತ್ತದೆ. ಬಗ್ಗಿ ಎತ್ತಿಕೊಳ್ಳಲು ಹೋದರೆ ಬರೋದಿಲ್ಲ, ನೆಲದಲ್ಲೇ ಹುದುಗಿಸಿದ್ದಾರೆ. 1943ರ ಫೆಬ್ರವರಿ 18ರಂದು ಹಾನ್ಸ್ ಶೋಲ್, ಅವನ ತಂಗಿ ಸೋಫಿ ಶೋಲ್ ಇಬ್ಬರೂ ಆ ಕಟ್ಟಡದಲ್ಲಿ ಹಿಟ್ಲರ್ ವಿರುದ್ಧ ಕರಪತ್ರ ಹಂಚಿದರು. ಉಳಿದದ್ದನ್ನು ಮೇಲಿನ ಮಹಡಿಯಿಂದ ಒಳಾಂಗಣಕ್ಕೆ ತಳ್ಳಿದರು. ಅಲ್ಲಿನ ಕಟ್ಟಡ ನೋಡಿಕೊಳ್ಳುವವನು ಅವರನ್ನು ಹಿಡಿದುಕೊಟ್ಟ. ನಾಲ್ಕೇ ದಿನದಲ್ಲಿ ವಿಚಾರಣೆ, ತೀರ್ಪು, ಶಿರಚ್ಛೇದ ಎಲ್ಲ ಮುಗಿಯಿತು. ಜೊತೆಗೆ ಗೆಳೆಯ ಕ್ರಿಸ್ಟೊಫ್ ಪ್ರೋಬ್ಸ್ಟ್ ತಲೆಯೂ ಹೋಯಿತು. ಸೋಫಿಗೆ ಆಗ 21 ವರ್ಷ. ಅವತ್ತು ನನಗೂ 21 ವರ್ಷ.

ಅಲ್ಲೇ ಕಾರಂಜಿ ಕಟ್ಟೆ ಮೇಲೆ ಕೂತೆವು. ಆಗ ಅವನು ಸಹಜವಾಗಿ ಕೇಳಿದ. “ನಿಮ್ಮ ಊರಲ್ಲಿ ಇಂಥದ್ದೇನಾದ್ರೂ ಇದೆಯಾ? ಎಲ್ಲರೂ ನೋಡಿಯೂ ನೋಡದ ಹಾಗೆ ಹೋಗೋದು?”

ನಾನು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. “ಇಲ್ಲಪ್ಪ. ನಮ್ಮದು ಹಳ್ಳಿ. ಎಲ್ಲರೂ ಒಂದೇ ಕುಟುಂಬದ ಥರ ಇರ್ತೀವಿ” ಅಂದೆ.

ಅದು ಸುಳ್ಳು. ಹೇಳುವಾಗಲೇ ಗೊತ್ತಿತ್ತು.

ನಮ್ಮೂರ ಬಸ್ ಸ್ಟಾಪಿನಲ್ಲಿ ಒಂದು ಟೀ ಅಂಗಡಿ ಇತ್ತು. ಒಳಗೆ ಬೆಂಚು, ಗಾಜಿನ ಲೋಟ. ಹೊರಗೆ ಗೋಡೆಯ ಗೂಡಿನಲ್ಲಿ ಬೋರಲು ಹಾಕಿದ ನಾಲ್ಕು ಬೇರೆ ಲೋಟ. ಕಾಲೋನಿಯವರು ಅದನ್ನು ತಾವೇ ತೊಳೆದುಕೊಂಡು, ಹೊರಗೇ ಕುಡಿದು, ಮತ್ತೆ ತೊಳೆದಿಟ್ಟು ಹೋಗಬೇಕು. ಹೈಸ್ಕೂಲಿನಲ್ಲಿ ನನ್ನ ಬೆಂಚ್‌ಮೇಟ್ ಕಾಲೋನಿಯ ಹುಡುಗ. ಲೆಕ್ಕದಲ್ಲಿ ನನಗಿಂತ ಚುರುಕು. ಒಂದು ದಿನ ಇಬ್ಬರೂ ಆ ಅಂಗಡಿಗೆ ಹೋದಾಗ ನನಗೆ ಒಳಗೆ ಜಾಗ, ಅವನಿಗೆ ಗೂಡಿನ ಲೋಟ. ನನಗೆ ಟೀ ಗಂಟಲಲ್ಲಿ ಇಳಿಯಲಿಲ್ಲ. ಆದರೆ ಕುಡಿದೆ.

ಮಾರನೇ ದಿನದಿಂದ ನಾನೊಂದು ಉಪಾಯ ಮಾಡಿದೆ. ಸ್ಕೂಲು ಬಿಟ್ಟ ಮೇಲೆ ಅವನನ್ನು ತೋಟದ ಬದುವಿನ ಮೇಲೆ ಕರೆದುಕೊಂಡು ಹೋಗೋದು. ಅಂಗಡಿ ಎದುರಾಗುವುದೇ ಇಲ್ಲ. ಕಾಲು ಗಂಟೆ ಸುತ್ತು. “ಈ ಕಡೆ ನೆರಳು ಜಾಸ್ತಿ ಕಣೋ” ಅಂತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಯೋವರೆಗೂ ಹಾಗೇ ನಡೆಯಿತು. ನಾನು ಬಹಳ ಒಳ್ಳೆಯವನು ಅಂತ ನನಗೇ ಅನ್ನಿಸುತ್ತಿತ್ತು.

ಅಂದರೆ ಮ್ಯೂನಿಕ್ ನೋಡುವ ಎಷ್ಟೋ ವರ್ಷ ಮೊದಲೇ ಆ ಗಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು. ಆ ಹುಡುಗ ಪ್ರಶ್ನೆ ಕೇಳಿದಾಗ ಮಾತಿನಲ್ಲೂ ಅದೇ ಗಲ್ಲಿಗೆ ತಿರುಗಿದೆ.

ಇನ್ನೊಂದು ವಿಷಯ ಹೇಳಬೇಕು. ಆ ಪ್ರವಾಸಕ್ಕೆ ವೀಸಾ ಸಿಗೋ ತನಕ ನನಗೆ ನಿದ್ದೆ ಇರಲಿಲ್ಲ. ಬಹಳ ದಿನ ಆದ ಮೇಲೆ ಅಂಬೇಡ್ಕರ್ ಬರೆದ ‘ವೇಟಿಂಗ್ ಫಾರ್ ಎ ವೀಸಾ’ ಓದಿದೆ. ಹೆಸರು ನೋಡಿ ವಿದೇಶದ ಕಥೆ ಅಂದುಕೊಂಡಿದ್ದೆ. ಅವರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದಲು ಹೋದವರು. 1917ರಲ್ಲಿ ವಾಪಸ್ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದರೆ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಜಾತಿ ಮುಚ್ಚಿಟ್ಟುಕೊಂಡು ಇದ್ದವರನ್ನು ಜನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಪರದೇಶದಲ್ಲಿ ಸಿಕ್ಕ ಜಾಗ ಸ್ವದೇಶದಲ್ಲಿ ಸಿಗಲಿಲ್ಲ. ಅವತ್ತೂ ಬರೋಡಾದಲ್ಲಿ ಒಳ್ಳೆಯವರು ಇದ್ದೇ ಇರುತ್ತಾರೆ. ಅವರೆಲ್ಲ ಯಾವ ಗಲ್ಲಿಯಲ್ಲಿ ನಡೆಯುತ್ತಿದ್ದರೋ.

ಈಗ ಪ್ರಶ್ನೆಗೆ ಬರುತ್ತೇನೆ. ಕೆಟ್ಟದ್ದಕ್ಕೆ ಸಲಾಂ ಹೊಡೆಯದೆ, ಎದುರೂ ನಿಲ್ಲದೆ, ಸುತ್ತು ಬಳಸಿ ಹೋಗೋದು ಒಳ್ಳೆಯತನವಾ?

ಏನೂ ಅಲ್ಲ ಅನ್ನಲಾರೆ. ಕೈ ಎತ್ತಿದ ಸಾವಿರಾರು ಜನರ ನಡುವೆ ಗಲ್ಲಿಗೆ ತಿರುಗಿದವನಿಗೆ ಮನಸ್ಸಾಕ್ಷಿ ಸತ್ತಿರಲಿಲ್ಲ. ಎಲ್ಲರೂ ಸೋಫಿ ಆಗಬೇಕು ಅಂತ ಕೇಳೋದೂ ನ್ಯಾಯವಲ್ಲ. ಮನೆಯಲ್ಲಿ ಮಕ್ಕಳಿದ್ದವನು ತಲೆ ಉಳಿಸಿಕೊಂಡರೆ ಅವನನ್ನು ಹೇಡಿ ಅನ್ನೋಕೆ ಏಸಿ ರೂಮಿನಲ್ಲಿ ಕೂತು ಟೈಪ್ ಮಾಡುವ ನಾನು ಯಾರು?

ಆದರೆ ನನ್ನದನ್ನು ಅವರದರ ಪಕ್ಕ ಇಟ್ಟು ನೋಡಿದರೆ ಲೆಕ್ಕ ಬೇರೆಯೇ ಬರುತ್ತದೆ. ಅವರ ಎದುರಿಗಿದ್ದದ್ದು ಬಂದೂಕು. ನನ್ನ ಎದುರಿಗಿದ್ದದ್ದು ಒಬ್ಬ ಟೀ ಅಂಗಡಿಯವನು. ಹೆಚ್ಚೆಂದರೆ ಅವನು ನನಗೆ ಎರಡು ಮಾತು ಬೈಯುತ್ತಿದ್ದ, ಅಪ್ಪನಿಗೆ ದೂರು ಹೇಳುತ್ತಿದ್ದ. ಅಲ್ಲಿ ಕಾನೂನೇ ಸೆಲ್ಯೂಟ್ ಹೊಡೆಸುವವರ ಕಡೆ. ಇಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. ಕಾನೂನು ನನ್ನ ಬೆನ್ನಿಗಿದ್ದರೂ ನಾನು ಬದು ಹಿಡಿದೆ. ಜೀವಕ್ಕೆ ಹೆದರಿ ಗಲ್ಲಿಗೆ ಹೋದವನನ್ನು ಕ್ಷಮಿಸಬಹುದು. ಮುಜುಗರಕ್ಕೆ ಹೆದರಿ ಹೋದವನು ಅದೇ ಕ್ಷಮೆಯಲ್ಲಿ ಪಾಲು ಕೇಳಬಾರದು.

ಇನ್ನೊಂದು ವ್ಯತ್ಯಾಸ ತೋರಿಸಿಕೊಟ್ಟವನು ಆ ಗೆಳೆಯನೇ. ಈಗ ಅವನು ಹೈಸ್ಕೂಲ್ ಮೇಷ್ಟ್ರು. ಹೋದ ವರ್ಷ ಊರಹಬ್ಬಕ್ಕೆ ಸಿಕ್ಕಾಗ ಇಷ್ಟನ್ನೂ ಹೇಳಿ, “ಆಗ ನಾನು ನಿನಗೋಸ್ಕರ ಬದು ಮೇಲೆ ಕರ್ಕೊಂಡು ಹೋಗ್ತಿದ್ದೆ ಕಣೋ” ಅಂದೆ. ಅವನು ನಕ್ಕ. “ಗೊತ್ತಿತ್ತು. ನೆರಳು ಅಂತಿದ್ದೆ, ಅಲ್ಲಿ ಒಂದು ಮರವೂ ಇರಲಿಲ್ಲ. ಆದ್ರೆ ನಾನು ಮನೆಗೆ ಹೋಗಿ ಚೀಲ ಇಟ್ಟು, ಅಪ್ಪನಿಗೆ ಬೀಡಿ ತರೋಕೆ ಮತ್ತೆ ಅದೇ ಅಂಗಡಿಗೆ ಹೋಗ್ತಿದ್ದೆ. ಅಂಗಡಿ ತಪ್ಪಿದ್ದು ನಿನಗೆ. ನನಗಲ್ಲ.”

ಬಳಸುದಾರಿಯ ಮೇಲೆ ಇಷ್ಟು ವರ್ಷ ನಾನು ಯೋಚಿಸಿದ್ದೆಲ್ಲ ಆ ಒಂದು ಮಾತಿಗೆ ಸಮ ಅಲ್ಲ. ಸುತ್ತು ಹೋದಾಗ ಕೇಳಿಕೊಳ್ಳಬೇಕಾದ್ದು ಇದೇ. ಇದರಿಂದ ತೊಂದರೆ ತಪ್ಪಿದ್ದು ಯಾರಿಗೆ? ಬರೀ ನನಗೆ ಅಂದರೆ, ಅದು ನನ್ನ ಅನುಕೂಲ. ಅದಕ್ಕೆ ನೀತಿ ಅಂತ ಹೆಸರಿಡಬಾರದು.

ಇದೆಲ್ಲ ಹಳ್ಳಿ ಕಥೆ ಅನ್ನಿಸುತ್ತಿದ್ದರೆ ಸ್ವಲ್ಪ ತಡೀರಿ. ಬೆಂಗಳೂರಿನಲ್ಲಿ ನಾನಿರುವ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಒಂದು ನೋಟಿಸ್ ಇದೆ. ಮನೆಕೆಲಸದವರು, ಡೆಲಿವರಿಯವರು ಈ ಲಿಫ್ಟ್ ಬಳಸುವಂತಿಲ್ಲ. ಅವರಿಗೆ ಹಿಂದಿನ ಸರ್ವಿಸ್ ಲಿಫ್ಟ್. ನಮ್ಮ ಮನೆಗೆ ಅಡುಗೆಗೆ ಬರುವವರಿಗೆ ಮಂಡಿನೋವು. ಸರ್ವಿಸ್ ಲಿಫ್ಟ್ ಕೆಟ್ಟ ದಿನ ನಾಲ್ಕು ಮಹಡಿ ಹತ್ತುತ್ತಾರೆ. ನಾನೇನು ಮಾಡಿದೆ ಗೊತ್ತಾ? ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತೋಕೆ ಶುರು ಮಾಡಿದೆ. ಕೇಳಿದವರಿಗೆ ಫಿಟ್ನೆಸ್ ಅಂತ ಹೇಳುತ್ತಿದ್ದೆ. ಎರಡು ವರ್ಷ! ನನ್ನ ತೂಕ ಮೂರು ಕೆಜಿ ಇಳಿಯಿತು. ಅವರ ಮಂಡಿನೋವು ಹಾಗೇ ಇತ್ತು.

ಗೆಳೆಯ ಆ ಮಾತು ಹೇಳಿ ಬಂದ ಮೇಲೆ ಮೆಟ್ಟಿಲು ಹತ್ತುವಾಗ ನಾಚಿಕೆಯಾಗತೊಡಗಿತು. ಮೊದಲು ಅವರನ್ನೇ ಕೇಳಿದೆ, ನಾನು ಮೀಟಿಂಗ್‌ನಲ್ಲಿ ಇದನ್ನು ಎತ್ತಿದರೆ ನಿಮ್ಮ ಕೆಲಸಕ್ಕೆ ತೊಂದರೆ ಆಗುತ್ತಾ ಅಂತ. ಯಾಕಂದರೆ ನನ್ನ ಧೈರ್ಯದ ಬಿಲ್ಲು ಅವರ ಹೆಸರಿಗೆ ಹೋಗಬಾರದಲ್ಲ. “ನನ್ನ ಹೆಸರು ಎತ್ತಬೇಡಿ ಸಾರ್. ಕೇಳೋದಾದ್ರೆ ಕೇಳಿ” ಅಂದರು.

ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಎದ್ದು ನಿಂತೆ. ಕ್ಲೈಂಟ್‌ಗಳ ಮುಂದೆ ಗಂಟೆಗಟ್ಟಲೆ ಮಾತಾಡುವ ನನಗೆ ಅವತ್ತು ಗಂಟಲು ಒಣಗಿತು. ಒಬ್ಬರು ಹೈಜೀನ್ ಅಂದರು. ಒಬ್ಬರು ಸೆಕ್ಯುರಿಟಿ ಅಂದರು. ಒಬ್ಬ ವಯಸ್ಸಾದ ಆಂಟಿ ಮಾತ್ರ, “ಅವರು ಮಾಡಿದ ಅಡುಗೆ ಊಟ ಮಾಡೋವಾಗ ಹೈಜೀನ್ ಎಲ್ಲಿಗೆ ಹೋಗುತ್ತೆ?” ಅಂದರು. ಕೊನೆಗೆ ಮುಂದಿನ ತಿಂಗಳು ನೋಡೋಣ ಅಂತ ಆಯಿತು. ಆಮೇಲೆ ಒಂದು ವಾರ ಇಬ್ಬರು ನೆರೆಯವರು ನನ್ನ ಜೊತೆ ಮಾತಾಡಲಿಲ್ಲ. ಇಷ್ಟೇ. ಎರಡು ವರ್ಷ ಹೆದರಿದ್ದು ಇಷ್ಟಕ್ಕೆ.

ರಾತ್ರಿ ಗೆಳೆಯನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಶಭಾಷ್ ಅನ್ನುತ್ತಾನೆ ಅಂದುಕೊಂಡಿದ್ದೆ.

“ನೋಟಿಸ್ ತೆಗೆದ್ರಾ?” ಅಂದ.

“ಇಲ್ಲ.”

“ಹಂಗಾದ್ರೆ ಮುಂದಿನ ತಿಂಗಳು ಮತ್ತೆ ಕೇಳು” ಅಂತ ಹೇಳಿ, ಪೇಪರ್ ವ್ಯಾಲ್ಯುಯೇಷನ್ ಇದೆ ಅಂತ ಫೋನ್ ಇಟ್ಟ.