ಶುಶ್ರೂಷಕಿಗೆ ಆಸರೆ ಯಾರು?

ರೋಗಿಗಳ ಸೇವೆಯು ತ್ಯಾಗದ ಕಾಯಕವೆಂದು ಲೋಕವು ದಾದಿಯನ್ನು ಕೊಂಡಾಡುತ್ತದೆ. ಆಕೆಯ ಉತ್ಸಾಹವು ಕುಂದಿತೆಂದರೆ ಅದು ಆಕೆಯೊಬ್ಬಳ ದೋಷವೆಂದು ಅದೇ ಲೋಕವು ನಿಂದಿಸುತ್ತದೆ. ಕಾಯಕದಲ್ಲಿಯ ತನ್ಮಯತೆಯು ಮಾಡುವವಳೊಬ್ಬಳ ಗುಣವೇ? ಇಲ್ಲವೆ ಸುತ್ತಲಿನವರೆಲ್ಲರೂ ಕೂಡಿ ಕಾಪಾಡತಕ್ಕ ಸೊತ್ತೇ? ಇದು ವಿಚಾರಿಸಬೇಕಾದ ಸಂಗತಿ.

ಇಸಾಬೆಲ್ ಮೆಂಜೀಸ್ ಎಂಬ ವಿದುಷಿಯು ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯನ್ನು ಪರಿಶೀಲಿಸಿ 1960ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಅಲ್ಲಿ ರೋಗಿಯನ್ನು ಹೆಸರಿನಿಂದಲ್ಲ, ಹಾಸಿಗೆಯ ಸಂಖ್ಯೆಯಿಂದಲೋ ಕಾಯಿಲೆಯಿಂದಲೋ ಗುರುತಿಸುತ್ತಿದ್ದುದುಂಟು. ಕೆಲಸವನ್ನು ಚೂರುಚೂರಾಗಿ ಹಂಚಿ, ಯಾವ ದಾದಿಯೂ ಒಬ್ಬ ರೋಗಿಯ ಬಳಿ ಹೆಚ್ಚು ಹೊತ್ತು ನಿಲ್ಲದಂತೆ ಏರ್ಪಡಿಸಲಾಗಿತ್ತು. ಇದು ಕಠಿಣಹೃದಯದ ಫಲವಲ್ಲ. ನೋವುಸಾವುಗಳ ಸಾನ್ನಿಧ್ಯದಿಂದ ಹುಟ್ಟುವ ಕಳವಳವನ್ನು ದೂರವಿಡುವ ಉಪಾಯ. ಆದರೆ ಆ ಉಪಾಯವು ಕಳವಳವನ್ನು ನೀಗಿಸಲಿಲ್ಲ. ರೋಗಿಯು ಗುಣಹೊಂದುವುದನ್ನು ಕಂಡು ಪಡೆಯುವ ಸಂತೋಷವನ್ನು ಮಾತ್ರ ಕಸಿದುಕೊಂಡಿತು. ಶಿಕ್ಷಣಕ್ಕೆ ಸೇರಿದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನ ಅದನ್ನು ಮುಗಿಸದೆಯೇ ಬಿಟ್ಟುಹೋಗುತ್ತಿದ್ದರು. ಕಳವಳವನ್ನು ಹೇಳಿಕೊಳ್ಳಲು ಸ್ಥಳವಿಲ್ಲದೆಡೆ ಪ್ರೀತಿಯೂ ನಿಲ್ಲಲಾರದು.

ಹಾಗಾದರೆ ಆಸರೆಯೆಂದರೇನು? ಜೇಮ್ಸ್ ಹೌಸ್ ಎಂಬ ಸಮಾಜಶಾಸ್ತ್ರಜ್ಞರು 1981ರ ತಮ್ಮ ಗ್ರಂಥದಲ್ಲಿ ಅದನ್ನು ನಾಲ್ಕಾಗಿ ವಿಂಗಡಿಸಿದ್ದಾರೆ: ಸಹಾನುಭೂತಿ, ಕೈನೆರವು, ತಿಳಿವಳಿಕೆ, ಮಾಡಿದ ಕೆಲಸದ ಯೋಗ್ಯ ವಿಮರ್ಶೆ. ಭಾರವಾದ ರೋಗಿಯನ್ನು ಮಗ್ಗುಲು ಹೊರಳಿಸಲು ನಡುರಾತ್ರಿಯಲ್ಲಿ ಬರುವ ಇನ್ನೊಂದು ಕೈಯೂ ಆಸರೆಯೇ. ಹೊಸಬಳ ತಪ್ಪನ್ನು ಎಲ್ಲರೆದುರು ಹಂಗಿಸದೆ ತಿದ್ದುವ ಹಿರಿಯ ದಾದಿಯ ಮಾತೂ ಆಸರೆಯೇ.

ಆದರೆ ಸವಿಮಾತು ಜನಬಲಕ್ಕೆ ಬದಲಾಗಲಾರದು. ಅಮೇರಿಕೆಯ ಪೆನ್ಸಿಲ್ವೇನಿಯ ಪ್ರಾಂತದ 168 ಆಸ್ಪತ್ರೆಗಳನ್ನು ಕುರಿತು ಲಿಂಡಾ ಐಕನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ತೋರಿಸಿತು. ಒಬ್ಬ ದಾದಿಯ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಿದಂತೆಲ್ಲ, ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಮರಣಹೊಂದುವ ಸಂಭವವು ಶೇಕಡಾ 7ರಷ್ಟೂ, ದಾದಿಯು ಬಳಲಿ ಬತ್ತಿಹೋಗುವ ಸಂಭವವು ಶೇಕಡಾ 23ರಷ್ಟೂ ಅಧಿಕವಾಗಿ ಕಂಡವು. ಎಣ್ಣೆಯನ್ನೆರೆಯದೆ ದೀಪವನ್ನು ಹೊಗಳಿದರೆ ಬೆಳಕು ಉಳಿದೀತೇ?

ಆಡಳಿತವು ಹೊರೆಯನ್ನು ಇಳಿಸಬೇಕು. ಸಹೋದ್ಯೋಗಿಗಳು ಹೊರೆಗೆ ಹೆಗಲು ಕೊಡಬೇಕು. ರೋಗಿಯ ಬಂಧುಗಳೂ ಈ ಋಣದಿಂದ ಹೊರತಲ್ಲ. ಗದರಿಕೆಯನ್ನು ಬಿಟ್ಟು ಆಕೆಯನ್ನು ಹೆಸರು ಹಿಡಿದು, ಮರ್ಯಾದೆಯಿಂದ ಮಾತನಾಡಿಸುವುದು ಅವರ ಕೈಯಲ್ಲಿದೆ. ತ್ಯಾಗವು ತಾನಾಗಿ ಕೊಡುವವಳಿಗೆ ಭೂಷಣ; ಪರರು ಅದನ್ನು ಬಲವಂತದಿಂದ ವಸೂಲು ಮಾಡಹೊರಟರೆ ಅದು ಅನ್ಯಾಯವೇ ಸರಿ. ಸೇವೆ ಪಡೆಯುವವರೆಲ್ಲರೂ ಈ ಭೇದವನ್ನು ಅರಿತು ನಡೆಯತಕ್ಕದ್ದು.